ಪ್ರತಿ ಹೊಡೆತವೂ ಒಂದೇ ಆಗಿರಬೇಕು: ಮಣ್ಣು ಬಡಿಯುವ ಆಟೊಮ್ಯಾಟಿಕ್ ಯಂತ್ರದ ಒಳಗುಟ್ಟು

ರಸ್ತೆಗೋ ಅಣೆಕಟ್ಟಿಗೋ ಮಣ್ಣು ಹಾಕಿ ರೋಲರ್ ಓಡಿಸುತ್ತಾರೆ. ಎಷ್ಟು ಸಲ ಓಡಿಸಿದರೆ ಸಾಕು? ಮೇಲೆ ನಿಂತು ನೋಡಿದರೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ಹಾಗಾಗಿ ಕರಾರಿನಲ್ಲಿ ಒಂದು ಸಂಖ್ಯೆ ಬರೆದಿರುತ್ತಾರೆ. ಲ್ಯಾಬ್‌ನಲ್ಲಿ ಇದೇ ಮಣ್ಣಿಗೆ ಸಿಕ್ಕ ಗರಿಷ್ಠ ಒಣ ಸಾಂದ್ರತೆಯ (ನೀರಿನ ತೂಕ ಬಿಟ್ಟು ಲೆಕ್ಕ ಹಾಕಿದ ಸಾಂದ್ರತೆಯ) ಶೇ 95ರಷ್ಟಾದರೂ ಸ್ಥಳದಲ್ಲಿ ಬಂದಿರಬೇಕು ಎಂಬಂಥ ಷರತ್ತು ಅದು.

ಈ ಷರತ್ತನ್ನು ಸ್ವಲ್ಪ ನಿಧಾನವಾಗಿ ಓದಿ. ಸ್ಥಳದಲ್ಲಿ ಅಳೆಯುವ ಸಾಂದ್ರತೆಯ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಮರಳು ಸುರಿದು ಅಳೆಯುತ್ತಾರೆ, ದುಬಾರಿ ಮೀಟರ್ ಇಟ್ಟು ಅಳೆಯುತ್ತಾರೆ. ಆದರೆ ಅದನ್ನು ಯಾವುದರ ಜೊತೆ ಹೋಲಿಸುತ್ತೇವೆ? ಲ್ಯಾಬ್‌ನ ಡಬ್ಬಿಯಂಥ ಒಂದು ಸಣ್ಣ ಉಕ್ಕಿನ ಮೌಲ್ಡ್‌ನಲ್ಲಿ ಬಡಿದ ಎರಡು ಕಿಲೊ ಮಣ್ಣಿನ ಜೊತೆ. ಆ ಮಣ್ಣಿಗೆ ಬಿದ್ದ ಹೊಡೆತಗಳಲ್ಲಿ ಕೊರತೆಯಾದರೆ ಇಡೀ ರಸ್ತೆಯ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆ ನೋಡೋಣ. ಮಣ್ಣಿನ ನಿಜವಾದ ಗರಿಷ್ಠ ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.75 ಗ್ರಾಂ ಎಂದುಕೊಳ್ಳಿ. ಶೇ 95 ಎಂದರೆ ಸ್ಥಳದಲ್ಲಿ 1.66 ಬರಬೇಕು. ಲ್ಯಾಬ್‌ನಲ್ಲಿ ಹೊಡೆತ ಸಡಿಲವಾಗಿ ಬಿದ್ದು 1.68 ಮಾತ್ರ ಸಿಕ್ಕಿತು ಅನ್ನಿ. ಆಗ ಸ್ಥಳದಲ್ಲಿ 1.60 ಬಂದರೂ ಪಾಸ್! ಕಾಗದದಲ್ಲಿ ಎಲ್ಲ ಸರಿಯಿದೆ, ರಸ್ತೆಯ ಹೊಟ್ಟೆಯಲ್ಲಿ ಮಾತ್ರ ಮಣ್ಣು ಸಡಿಲ. ಮುಂದೆ ಅದು ಕುಸಿಯುತ್ತದೆ, ಮೇಲಿನ ಪದರ ಬಿರುಕು ಬಿಡುತ್ತದೆ. ಮಣ್ಣಿನ ಅಣೆಕಟ್ಟಾದರೆ ಸಡಿಲ ಜಾಗದಲ್ಲಿ ನೀರು ದಾರಿ ಹುಡುಕುತ್ತದೆ. ತಪ್ಪು ಉಲ್ಟಾ ಆದರೂ ತೊಂದರೆಯೇ. ಲ್ಯಾಬ್ ಸಂಖ್ಯೆ ಜಾಸ್ತಿ ಬಂದರೆ ಗುತ್ತಿಗೆದಾರ ಎಷ್ಟು ರೋಲರ್ ಓಡಿಸಿದರೂ ಆ ಗುರಿ ಮುಟ್ಟಲಾರ.

ಲ್ಯಾಬ್‌ನಲ್ಲಿ ಈ ಹೊಡೆತಗಳನ್ನು ತಾನೇ ಕೊಡುವ ಆಟೊಮ್ಯಾಟಿಕ್ ಕಾಂಪ್ಯಾಕ್ಟರ್ ಎಂಬ ಯಂತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದು ಕೈನೋವು ತಪ್ಪಿಸುತ್ತದೆ, ನಿಜ. ಆದರೆ ನನ್ನ ಮಟ್ಟಿಗೆ ಅದು ಒಂದು ತಕ್ಕಡಿ ಇದ್ದ ಹಾಗೆ. ಅದರಿಂದ ಬೇಕಾಗಿರುವುದು ಇಷ್ಟೇ: ಮೊದಲನೇ ಹೊಡೆತ ಹೇಗಿತ್ತೋ ಆರುನೂರನೇ ಹೊಡೆತವೂ ಹಾಗೇ ಇರಬೇಕು.

ಮೊದಲು ಪರೀಕ್ಷೆ ಏನು ಅಂತ ತಿಳಿಯೋಣ

1933ರಲ್ಲಿ ಲಾಸ್ ಏಂಜಲೀಸ್‌ನ ನೀರು ಸರಬರಾಜು ಇಲಾಖೆಯಲ್ಲಿದ್ದ ಇಂಜಿನಿಯರ್ ಆರ್. ಆರ್. ಪ್ರಾಕ್ಟರ್ ಒಂದು ಸರಣಿ ಲೇಖನ ಪ್ರಕಟಿಸಿದರು. ಮಣ್ಣಿನ ಅಣೆಕಟ್ಟು ಕಟ್ಟುವವರಿಗಾಗಿ ಬರೆದದ್ದು ಅದು. ಒಂದೇ ಮಣ್ಣನ್ನು ಒಂದೇ ಶ್ರಮ ಹಾಕಿ ಬಡಿದರೂ, ಅದರಲ್ಲಿರುವ ನೀರಿನ ಪ್ರಮಾಣ ಬದಲಾದ ಹಾಗೆ ಸಾಂದ್ರತೆಯೂ ಬದಲಾಗುತ್ತದೆ ಎಂದು ಅವರು ತೋರಿಸಿದರು. ಅಷ್ಟೇ ಅಲ್ಲ, ಒಂದು ನಿರ್ದಿಷ್ಟ ತೇವಾಂಶದಲ್ಲಿ ಸಾಂದ್ರತೆ ತುದಿ ಮುಟ್ಟುತ್ತದೆ. ಇವತ್ತಿಗೂ ಈ ಪರೀಕ್ಷೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಆ ತುದಿಯ ಸಾಂದ್ರತೆಗೆ ಲ್ಯಾಬ್‌ಗಳಲ್ಲಿ ಎಂಡಿಡಿ ಅನ್ನುತ್ತಾರೆ, ಅಲ್ಲಿನ ತೇವಾಂಶಕ್ಕೆ ಓಎಂಸಿ.

ಯಾಕೆ ಹೀಗಾಗುತ್ತದೆ? ಮಣ್ಣು ಎಂದರೆ ಕಣಗಳು, ಅವುಗಳ ನಡುವೆ ನೀರು ಮತ್ತು ಗಾಳಿ. ಬಡಿದಾಗ ಹೊರಗೆ ಹೋಗುವುದು ಗಾಳಿ ಮಾತ್ರ. ನೀರು ಹೊರಡಲು ಅಷ್ಟು ಕಡಿಮೆ ಹೊತ್ತು ಸಾಲದು. ಒಣಗಿದ ಮಣ್ಣಿನಲ್ಲಿ ಇರುವ ಚೂರು ನೀರು ಕಣಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಅವು ಜಾರಿ ಹತ್ತಿರ ಬರಲು ಒಪ್ಪುವುದಿಲ್ಲ. ಹೊಡೆತದ ಶಕ್ತಿ ಸುಮ್ನೆ ಖರ್ಚಾಗುತ್ತದೆ. ನೀರು ಸ್ವಲ್ಪ ಹೆಚ್ಚಿಸಿದರೆ ಆ ಹಿಡಿತ ಸಡಿಲವಾಗಿ ಕಣಗಳು ಒತ್ತಾಗಿ ಕೂರುತ್ತವೆ. ಇನ್ನೂ ಹೆಚ್ಚಿಸಿದರೆ? ಈಗ ನೀರೇ ಜಾಗ ಹಿಡಿಯುತ್ತದೆ. ಉಳಿದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ನೀರನ್ನು ಒತ್ತಿ ಕುಗ್ಗಿಸಲೂ ಆಗುವುದಿಲ್ಲ. ಸಾಂದ್ರತೆ ಇಳಿಯತೊಡಗುತ್ತದೆ. ಗ್ರಾಫ್ ಬರೆದರೆ ಗುಡ್ಡದ ಆಕಾರ ಸಿಗುತ್ತದೆ.

ಪರೀಕ್ಷೆಯ ಕ್ರಮ ಸರಳ. ಮಣ್ಣನ್ನು ಜರಡಿ ಹಿಡಿದು ದೊಡ್ಡ ಕಲ್ಲು ತೆಗೆಯುತ್ತಾರೆ. ನಾಲ್ಕೈದು ಪಾಲು ಮಾಡಿ, ಪ್ರತಿ ಪಾಲಿಗೂ ಸುಮಾರು ಶೇ 2ರಷ್ಟು ನೀರು ಹೆಚ್ಚಿಸುತ್ತಾ ಕಲಸುತ್ತಾರೆ. ಒಂದೊಂದು ಪಾಲನ್ನೂ ಮೌಲ್ಡ್‌ಗೆ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನಿಗದಿಯಾದಷ್ಟು ಹೊಡೆತ ಕೊಡುತ್ತಾರೆ. ಮೌಲ್ಡ್‌ನ ಮೇಲೆ ಕೂರಿಸಿದ ಉಂಗುರವನ್ನು, ಅಂದರೆ ಕಾಲರನ್ನು ತೆಗೆದು, ಮಣ್ಣನ್ನು ಅಂಚಿಗೆ ಸಮವಾಗಿ ಕತ್ತರಿಸಿ ತೂಗುತ್ತಾರೆ. ಸ್ವಲ್ಪ ಮಣ್ಣನ್ನು ಓವನ್‌ನಲ್ಲಿ ಒಣಗಿಸಿ ತೇವಾಂಶ ನೋಡುತ್ತಾರೆ. 1000 ಘನ ಸೆಂ.ಮೀ. ಮೌಲ್ಡ್‌ನಲ್ಲಿ 2030 ಗ್ರಾಂ ಹಸಿ ಮಣ್ಣು ಹಿಡಿಯಿತು, ತೇವಾಂಶ ಶೇ 16 ಎಂದಾದರೆ, 2.03ನ್ನು 1.16ರಿಂದ ಭಾಗಿಸಿ. ಒಣ ಸಾಂದ್ರತೆ 1.75 ಬಂತು. ಗ್ರಾಫ್‌ನಲ್ಲಿ ಅದು ಒಂದು ಚುಕ್ಕಿ. ಇಂಥ ಐದು ಚುಕ್ಕಿ ಸೇರಿದರೆ ಗುಡ್ಡ.

ಹೊಡೆತದ ಲೆಕ್ಕ

ಬೇರೆ ಬೇರೆ ದೇಶಗಳ ಮಾನದಂಡಗಳನ್ನು ಪಕ್ಕಪಕ್ಕ ಇಟ್ಟರೆ ಮೊದಲು ಗೊಂದಲ ಆಗುತ್ತದೆ. ಪ್ರಾಕ್ಟರ್ ಹೆಸರಿನ ಸಾಮಾನ್ಯ ಪರೀಕ್ಷೆಗೆ (ಇದನ್ನು ಹಗುರ ಪರೀಕ್ಷೆ ಅನ್ನುತ್ತಾರೆ) ಅಮೆರಿಕದ ಎಎಸ್‌ಟಿಎಂ ಡಿ698 ಹೇಳುವುದು ಸುಮಾರು 2.5 ಕಿಲೊ ತೂಕದ, ಎತ್ತಿ ಮಣ್ಣಿನ ಮೇಲೆ ಬಿಡುವ ಉಕ್ಕಿನ ಬಡಿಗೆ, ಅಂದರೆ ರ‍್ಯಾಮರ್, 305 ಮಿ.ಮೀ. ಎತ್ತರ, 3 ಪದರ, ಪದರಕ್ಕೆ 25 ಹೊಡೆತ. ಮೌಲ್ಡ್ 944 ಘನ ಸೆಂ.ಮೀ. ಭಾರತದ ಐಎಸ್ 2720ರ 7ನೇ ಭಾಗದಲ್ಲಿ ರ‍್ಯಾಮರ್ 2.6 ಕಿಲೊ, ಎತ್ತರ 310 ಮಿ.ಮೀ., ಪದರ ಮತ್ತು ಹೊಡೆತ ಅಷ್ಟೇ, ಮೌಲ್ಡ್ ಮಾತ್ರ 1000 ಘನ ಸೆಂ.ಮೀ. ಬ್ರಿಟಿಷ್ ಪದ್ಧತಿಯಲ್ಲಿ 2.5 ಕಿಲೊ, 300 ಮಿ.ಮೀ., ಹೊಡೆತ 27.

ಎಲ್ಲ ಬೇರೆ ಬೇರೆ, ಅಲ್ವಾ? ಈಗ ಶಕ್ತಿಯ ಲೆಕ್ಕ ಹಾಕಿ. ರ‍್ಯಾಮರ್‌ನ ಭಾರ, ಬೀಳುವ ಎತ್ತರ, ಒಟ್ಟು ಹೊಡೆತ ಮೂರನ್ನೂ ಗುಣಿಸಿ, ಮೌಲ್ಡ್‌ನ ಗಾತ್ರದಿಂದ ಭಾಗಿಸಬೇಕು. ಅಮೆರಿಕದ್ದು ಒಂದು ಘನ ಮೀಟರ್ ಮಣ್ಣಿಗೆ ಸುಮಾರು 593 ಕಿಲೊಜೂಲ್. ಭಾರತದ್ದೂ 593. ಬ್ರಿಟಿಷರದ್ದು 596. ಮೂರು ದಾರಿ ಹಿಡಿದು ಒಂದೇ ಊರು ಸೇರಿದ್ದಾರೆ!

ಎರಡನೇ ಮಹಾಯುದ್ಧದ ಹೊತ್ತಿಗೆ ಭಾರದ ವಿಮಾನಗಳು ಇಳಿಯುವ ರನ್‌ವೇಗಳಿಗೆ ಈ ಶಕ್ತಿ ಸಾಲದೆ ಹೋಯಿತು. ಅಮೆರಿಕದ ಸೇನೆಯ ಇಂಜಿನಿಯರ್‌ಗಳು ಇನ್ನೂ ಬಲವಾದ ಪರೀಕ್ಷೆ ರೂಪಿಸಿದರು. ಅದೇ ಇಂದಿನ ಮಾಡಿಫೈಡ್ ಪ್ರಾಕ್ಟರ್. ರ‍್ಯಾಮರ್ 4.54 ಕಿಲೊ, ಎತ್ತರ 457 ಮಿ.ಮೀ., 5 ಪದರ. ಭಾರತದ ಭಾರಿ ಪರೀಕ್ಷೆಯಲ್ಲಿ 4.9 ಕಿಲೊ, 450 ಮಿ.ಮೀ. ಇಲ್ಲಿಯೂ ಲೆಕ್ಕ ಹಾಕಿದರೆ ಎರಡೂ 2700 ಕಿಲೊಜೂಲ್ ಹತ್ತಿರ ಬರುತ್ತವೆ. ಹಗುರ ಪರೀಕ್ಷೆಯ ನಾಲ್ಕೂವರೆ ಪಟ್ಟು. ಶಕ್ತಿ ಹೆಚ್ಚಾದಾಗ ಗುಡ್ಡದ ತುದಿ ಮೇಲಕ್ಕೂ ಎಡಕ್ಕೂ ಸರಿಯುತ್ತದೆ. ಅಂದರೆ ಸಾಂದ್ರತೆ ಜಾಸ್ತಿ, ಬೇಕಾಗುವ ನೀರು ಕಡಿಮೆ.

ಈ ಲೆಕ್ಕದಲ್ಲಿ ಮಣ್ಣಿನ ಹೆಸರೇ ಇಲ್ಲ ಎಂಬುದನ್ನು ಗಮನಿಸಿ. ಶಕ್ತಿ ಸ್ಥಿರ, ನೀರು ಮಾತ್ರ ಬದಲಾಗುತ್ತದೆ. ಇದು ಪರೀಕ್ಷೆಯ ಅಡಿಪಾಯ. ಐದು ಚುಕ್ಕಿಗಳಲ್ಲಿ ಒಂದೊಂದಕ್ಕೆ ಒಂದೊಂದು ಶಕ್ತಿ ಬಿದ್ದಿದ್ದರೆ, ಗುಡ್ಡ ಹುಟ್ಟಿದ್ದು ನೀರಿನಿಂದಲೋ ಹೊಡೆತದಿಂದಲೋ ಹೇಳಲು ಬರುವುದಿಲ್ಲ.

ಈಗ ಕೈಯಿಂದ ಬಡಿಯುವವರ ಕಡೆ ನೋಡಿ. ಭಾರಿ ಪರೀಕ್ಷೆ, ಸಣ್ಣ ಮೌಲ್ಡ್: ಪದರಕ್ಕೆ 25ರಂತೆ ಒಂದು ಚುಕ್ಕಿಗೆ 125 ಹೊಡೆತ, ಐದು ಚುಕ್ಕಿಗೆ 625. ಅಮೆರಿಕದ ದೊಡ್ಡ ಮೌಲ್ಡ್ ಆದರೆ ಪದರಕ್ಕೆ 56, ಒಟ್ಟು 1400 ಹೊಡೆತ. ಪ್ರತಿ ಹೊಡೆತಕ್ಕೂ ನಾಲ್ಕೂವರೆ ಕಿಲೊ ಉಕ್ಕನ್ನು ಸುಮಾರು ಅರ್ಧ ಮೀಟರ್ ಎತ್ತರಕ್ಕೆ ಎತ್ತಿ ಬಿಡಬೇಕು. ನಿಮಿಷಕ್ಕೆ 25ರ ವೇಗದಲ್ಲಿ ಹೊಡೆದರೂ ಬರೀ ಬಡಿಯುವುದಕ್ಕೇ ಸುಮಾರು ಒಂದು ಗಂಟೆ ಬೇಕು. ಇದು ಒಂದು ಮಣ್ಣಿಗೆ. ದಿನಕ್ಕೆ ಮೂರು ಮಣ್ಣು ಬಂದರೆ?

ದಣಿದ ಕೈ ರ‍್ಯಾಮರನ್ನು ಪೂರ್ತಿ ಎತ್ತುವುದಿಲ್ಲ. 450 ಮಿ.ಮೀ. ಬದಲು 420ಕ್ಕೇ ಬಿಟ್ಟರೆ ಶಕ್ತಿ ಸುಮಾರು ಶೇ 7ರಷ್ಟು ಕಡಿಮೆ. ಆತುರದ ಕೈ ಬಿಡುವ ಬದಲು ಕೆಳಕ್ಕೆ ತಳ್ಳುತ್ತದೆ, ಶಕ್ತಿ ಹೆಚ್ಚಾಗುತ್ತದೆ. ರ‍್ಯಾಮರ್ ಜಾರುವ ಹೊರಗಿನ ಕೊಳವೆ ವಾಲಿದರೆ ರ‍್ಯಾಮರ್ ಗೋಡೆಗೆ ಉಜ್ಜುತ್ತಾ ಇಳಿಯುತ್ತದೆ. 17 ಆಯಿತೋ 18 ಆಯಿತೋ ಎಂಬ ಅನುಮಾನ ಬೇರೆ. ಇದು ಯಾರ ಸೋಮಾರಿತನವೂ ಅಲ್ಲ. ಮನುಷ್ಯನ ತೋಳು ಹಾಗೆಯೇ ಇರುವುದು. ಇನ್ನೊಂದು ವಿಷಯ, ಬೆಳಗ್ಗೆ ಬಡಿದ ಮೊದಲ ಚುಕ್ಕಿ ಸಾಮಾನ್ಯವಾಗಿ ಒಣ ಕಡೆಯದ್ದು, ಕೊನೆಗೆ ಬರುವುದು ಹಸಿ ಕಡೆಯದ್ದು. ದಣಿವು ಸರಿಯಾಗಿ ಗುಡ್ಡದ ಬಲಗಡೆಗೇ ಸೇರಿಕೊಳ್ಳುತ್ತದೆ. ಇಂಥ ತಪ್ಪು ಗ್ರಾಫ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಗುಡ್ಡ ಚೆನ್ನಾಗಿಯೇ ಕಾಣುತ್ತದೆ.

ಯಂತ್ರದ ಒಳಗೆ

ಮೇಲ್ನೋಟಕ್ಕೆ ಯಂತ್ರ ಸರಳ. ಗಟ್ಟಿಯಾದ ಉಕ್ಕಿನ ಚೌಕಟ್ಟು. ಮೇಲೆ ಮೋಟಾರ್ ಮತ್ತು ಗೇರ್. ನಡುವೆ ಉದ್ದನೆಯ ಸರಳಿನ ತುದಿಗೆ ರ‍್ಯಾಮರ್. ಕೆಳಗೆ ತಿರುಗುವ ಮೇಜು, ಅದರ ಮೇಲೆ ಕ್ಲ್ಯಾಂಪ್ ಹಾಕಿ ಬಿಗಿದ ಮೌಲ್ಡ್. ಪಕ್ಕದಲ್ಲಿ ಒಂದು ಪೆಟ್ಟಿಗೆ. ಅದರಲ್ಲಿ ಹೊಡೆತದ ಸಂಖ್ಯೆ ಒತ್ತಿ ಗುಂಡಿ ಅದುಮಿದರೆ, ಎಣಿಸಿಕೊಂಡು ಹೊಡೆದು ತಾನೇ ನಿಲ್ಲುತ್ತದೆ. ಹಗುರ ಪರೀಕ್ಷೆಗೂ ಭಾರಿ ಪರೀಕ್ಷೆಗೂ ಒಂದೇ ಯಂತ್ರ ಸಾಕಾಗುವಂತೆ ರ‍್ಯಾಮರ್‌ನ ತೂಕವನ್ನೂ ಎತ್ತರವನ್ನೂ ಬದಲಿಸುವ ಏರ್ಪಾಡು ಇರುತ್ತದೆ.

ಇಷ್ಟರಲ್ಲಿ ಎರಡು ಕೆಲಸ ನಿಜಕ್ಕೂ ಕಷ್ಟದವು. ಒಂದು, ಸರಿಯಾದ ಎತ್ತರದಿಂದ ಬಿಡುವುದು. ಇನ್ನೊಂದು, ಮಣ್ಣಿನ ಮೇಲೆಲ್ಲ ಸಮನಾಗಿ ಹೊಡೆಯುವುದು.

ಎತ್ತರದ ವಿಷಯ ಮೊದಲು. 310 ಮಿ.ಮೀ. ಎಂದರೆ ಎಲ್ಲಿಂದ 310? ಮಣ್ಣಿನ ಮೇಲ್ಮೈಯಿಂದ. ಆದರೆ ಆ ಮೇಲ್ಮೈ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲ ಪದರ ಮೌಲ್ಡ್‌ನ ತಳದಲ್ಲಿದೆ, ಕೊನೆಯ ಪದರ ಅಂಚಿನ ಹತ್ತಿರ. ಒಂದೇ ಪದರದ ಒಳಗೂ ಸಡಿಲ ಮಣ್ಣು ಹೊಡೆತ ಬಿದ್ದ ಹಾಗೆ ಇಳಿಯುತ್ತಾ ಹೋಗುತ್ತದೆ. ಯಂತ್ರ ರ‍್ಯಾಮರನ್ನು ಚೌಕಟ್ಟಿನ ಒಂದು ನಿಶ್ಚಿತ ಗುರುತಿಗೆ ಎತ್ತಿ ಬಿಡುವಂತಿದ್ದರೆ, ಕೆಳಗಿನ ಪದರಕ್ಕೆ ಹೆಚ್ಚು ಎತ್ತರ, ಮೇಲಿನ ಪದರಕ್ಕೆ ಕಡಿಮೆ ಎತ್ತರ ಸಿಗುತ್ತದೆ. ಮೌಲ್ಡ್‌ನ ಎತ್ತರವೇ ಸುಮಾರು 120 ಮಿ.ಮೀ. ಇರುವಾಗ ಇದು ಸಣ್ಣ ವ್ಯತ್ಯಾಸ ಅಲ್ಲ.

ಒಳ್ಳೆಯ ಯಂತ್ರಗಳು ಇದನ್ನು ಜಾಣತನದಿಂದ ಬಿಡಿಸುತ್ತವೆ. ರ‍್ಯಾಮರ್ ಮಣ್ಣಿನ ಮೇಲೆ ಕೂತ ನಂತರ, ಅದರ ಸರಳು ಎಲ್ಲಿದೆಯೋ ಅಲ್ಲಿಂದಲೇ ಹಿಡಿಕೆ ಅದನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಿಂದ ನಿಗದಿತ ಎತ್ತರ ಎತ್ತಿ, ಹಿಡಿತ ಬಿಡುತ್ತದೆ. ಮಣ್ಣು ಎಷ್ಟು ಇಳಿದಿದ್ದರೂ ಎತ್ತುವ ದೂರ ಅಷ್ಟೇ. ಎತ್ತುವುದಕ್ಕೆ ಸರಪಳಿ ಮತ್ತು ಕೊಕ್ಕೆ ಬಳಸಬಹುದು, ರೋಲರ್ ಒತ್ತಿ ಹಿಡಿಯಬಹುದು, ಬೇರೆ ವಿಧಾನವೂ ಇರಬಹುದು. ತತ್ವ ಮಾತ್ರ ಇದು. ಯಂತ್ರ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಎತ್ತರವನ್ನು ಮಣ್ಣಿನ ಮೇಲ್ಮೈಯಿಂದ ಅಳೆಯುತ್ತದೋ, ಚೌಕಟ್ಟಿನಿಂದಲೋ?

ಬಿಟ್ಟ ಮೇಲೆ ರ‍್ಯಾಮರ್ ಸ್ವತಂತ್ರವಾಗಿ ಬೀಳಬೇಕು. 305 ಮಿ.ಮೀ. ಬಿದ್ದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್, 457 ಮಿ.ಮೀ. ಬಿದ್ದರೆ ಹತ್ತಿರ ಹತ್ತಿರ 3 ಮೀಟರ್. ಇಡೀ ಬೀಳುವಿಕೆ ಕಾಲು ಸೆಕೆಂಡಿನ ಆಸುಪಾಸು. ಆ ಹೊತ್ತಿನಲ್ಲಿ ಸರಳು ಎಲ್ಲಿಯಾದರೂ ಉಜ್ಜಿದರೆ, ಹಿಡಿಕೆ ಬಿಡುವಾಗ ಚೂರು ತಡೆದರೆ, ಶಕ್ತಿ ಸೋರುತ್ತದೆ. ಕೌಂಟರ್ ಮಾತ್ರ 25 ಎಂದೇ ತೋರಿಸುತ್ತದೆ. ತುಕ್ಕು, ಮಣ್ಣಿನ ಧೂಳು, ಜಿಡ್ಡುಗಟ್ಟಿದ ಎಣ್ಣೆ, ಇವು ಮೂರು ಈ ಯಂತ್ರದ ದೊಡ್ಡ ಶತ್ರುಗಳು.

ಎರಡನೇ ಕೆಲಸ ಹೊಡೆತವನ್ನು ಹರಡುವುದು. ರ‍್ಯಾಮರ್‌ನ ದುಂಡನೆಯ ಪಾದದ ಅಗಲ ಸುಮಾರು 50 ಮಿ.ಮೀ. ಸಣ್ಣ ಮೌಲ್ಡ್‌ನ ಒಳ ಅಗಲ ಸುಮಾರು 100. ಅಂದರೆ ಪಾದದ ವಿಸ್ತೀರ್ಣ ಮೌಲ್ಡ್‌ನ ಬಾಯಿಯ ಕಾಲು ಭಾಗ. 25 ಹೊಡೆತ ಎಂದರೆ ಇಡೀ ಮೇಲ್ಮೈಗೆ ಆರೂಕಾಲು ಸುತ್ತು ಹೊಡೆದ ಹಾಗೆ. ದೊಡ್ಡ ಮೌಲ್ಡ್‌ನ ಅಗಲ 150. ಪಾದ ಅದರ ಒಂಬತ್ತನೇ ಒಂದು ಭಾಗ. 56ನ್ನು 9ರಿಂದ ಭಾಗಿಸಿ: 6.2. ಅದೇ ಆರೂಕಾಲು ಸುತ್ತು! 56 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಎರಡು ಮೌಲ್ಡ್‌ಗಳ ಎತ್ತರ ಒಂದೇ ಇರುವುದರಿಂದ, ಹೊಡೆತವನ್ನು ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚಿಸಿದರೆ ಘನ ಮೀಟರಿಗೆ ಬೀಳುವ ಶಕ್ತಿಯೂ ಒಂದೇ ಆಗುತ್ತದೆ. ಉತ್ತರ ಇಷ್ಟು ಸರಳ.

ಆದರೆ ಸರಾಸರಿ ಆರೂಕಾಲು ಆದರೆ ಸಾಲದು, ಎಲ್ಲ ಜಾಗಕ್ಕೂ ಹಂಚಿಕೆಯಾಗಬೇಕು. ಯಂತ್ರ ಪ್ರತಿ ಹೊಡೆತದ ನಂತರ ಮೇಜನ್ನು ಒಂದಿಷ್ಟು ತಿರುಗಿಸುತ್ತದೆ. ಪಾದ ಅಂಚಿನ ಹತ್ತಿರ ಬೀಳುತ್ತಾ ಸುತ್ತು ಹೋಗುತ್ತದೆ. ಸಣ್ಣ ಮೌಲ್ಡ್‌ನಲ್ಲಿ 50 ಮಿ.ಮೀ. ಪಾದ ಅಂಚಿನಿಂದ ಸರಿಯಾಗಿ ನಡುವಿನ ತನಕ ಬರುತ್ತದೆ. ಹಾಗಾಗಿ ಒಂದು ಸುತ್ತಿನಲ್ಲಿ ಎಲ್ಲ ಮುಚ್ಚುತ್ತದೆ. ಆದರೂ ಸಮ ಅಲ್ಲ. ಲೆಕ್ಕ ಹಾಕಿದರೆ ನಡುವಿನ ಹತ್ತಿರದ ಮಣ್ಣಿಗೆ ಸುಮಾರು ಅರ್ಧದಷ್ಟು ಹೊಡೆತ ತಾಗುತ್ತದೆ, ನಡುವಿಗೂ ಅಂಚಿಗೂ ಮಧ್ಯದ ಮಣ್ಣಿಗೆ ಮೂರನೇ ಒಂದು ಭಾಗ, ಅಂಚಿಗೆ ತೀರ ಕಡಿಮೆ. ಕೈಯಿಂದ ಬಡಿಯುವವರು ಇದನ್ನು ಕಣ್ಣಿಂದ ನೋಡಿ ಸರಿಪಡಿಸುತ್ತಾರೆ. ಯಂತ್ರಕ್ಕೆ ಕಣ್ಣಿಲ್ಲ. ಅಂಚನ್ನು ಬಿಡಬಾರದು ಎಂದೇ ಪಾದಕ್ಕೂ ಮೌಲ್ಡ್‌ನ ಒಳಗೋಡೆಗೂ ನಡುವಿನ ಸಂದು ಸುಮಾರು 2.5 ಮಿ.ಮೀ. ಇರಬೇಕೆಂದು ಎಎಸ್‌ಟಿಎಂ ಹೇಳುತ್ತದೆ. ಸಂದು ಜಾಸ್ತಿಯಾದರೆ ಗೋಡೆಗುಂಟ ಸಡಿಲ ಮಣ್ಣಿನ ಉಂಗುರ ಉಳಿಯುತ್ತದೆ, ಕಡಿಮೆಯಾದರೆ ಪಾದ ಗೋಡೆಗೆ ತಾಗುತ್ತದೆ.

ದೊಡ್ಡ ಮೌಲ್ಡ್‌ನಲ್ಲಿ ಕಥೆ ಬೇರೆ. ಪಾದ ಅಂಚಿನಲ್ಲಿ ಸುತ್ತಿದರೆ ನಡುವೆ 50 ಮಿ.ಮೀ. ಅಗಲದ ವೃತ್ತಕ್ಕೆ ಒಂದೂ ಹೊಡೆತ ಬೀಳುವುದಿಲ್ಲ. ಇದಕ್ಕೆ ಎರಡು ಪರಿಹಾರ ಇವೆ. ಮೊದಲನೆಯದು, ಕೆಲವು ಹೊಡೆತಕ್ಕೊಮ್ಮೆ ರ‍್ಯಾಮರನ್ನೋ ಮೌಲ್ಡನ್ನೋ ಪಕ್ಕಕ್ಕೆ ಸರಿಸಿ ನಡುವಿಗೆ ಹೊಡೆಯುವುದು. ಎರಡನೆಯದು, ಪಾದದ ಆಕಾರವನ್ನೇ ಬದಲಿಸುವುದು. ದುಂಡನೆಯ ಪಾದದ ಬದಲು ವೃತ್ತದ ಒಂದು ತುಂಡಿನಂಥ ಪಾದ. ಚೂಪು ತುದಿ ಮೌಲ್ಡ್‌ನ ನಡುವೆ, ಅಗಲ ಭಾಗ ಅಂಚಿಗೆ. ವಿಸ್ತೀರ್ಣ ದುಂಡು ಪಾದದಷ್ಟೇ. ಇದು ಸುತ್ತು ಹೋದರೆ ನಡುವಿನಿಂದ ಅಂಚಿನವರೆಗೆ ಹಂಚಿಕೆ ಚೆನ್ನಾಗಿ ಆಗುತ್ತದೆ. ಆದರೆ ಪಾದದ ಆಕಾರ ಬದಲಾದರೆ ಮಣ್ಣು ಕೂರುವ ರೀತಿಯೂ ಸ್ವಲ್ಪ ಬದಲಾಗುತ್ತದೆ. ದುಂಡು ಪಾದದ ಕೆಳಗಿನ ಮಣ್ಣು ಪಕ್ಕಕ್ಕೆ ಉಬ್ಬಿ ಮತ್ತೆ ಒತ್ತಿಸಿಕೊಳ್ಳುತ್ತದೆ, ಈ ಪಾದದ ಕೆಳಗೆ ಅಂಥ ಕಲಸಾಟ ಬೇರೆ ಥರ. ಹಾಗಾಗಿ ಎರಡು ಪಾದಗಳ ಫಲಿತಾಂಶವನ್ನು ಕಣ್ಣು ಮುಚ್ಚಿ ಅದಲುಬದಲು ಮಾಡಬಾರದು.

ಇನ್ನೊಂದು ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಯಂತ್ರದ ಕೆಳಗಿನ ನೆಲ. ಹೊಡೆತ ಬಿದ್ದಾಗ ಮೌಲ್ಡ್ ಕೆಳಕ್ಕೆ ತುಸು ಪುಟಿದರೆ ಆ ಶಕ್ತಿ ಮಣ್ಣಿಗೆ ಸೇರಲಿಲ್ಲ ಎಂದೇ ಅರ್ಥ. ಕೈಯಿಂದ ಬಡಿಯುವಾಗಲೂ ಮೌಲ್ಡನ್ನು ಕನಿಷ್ಠ 91 ಕಿಲೊ ತೂಕದ ಕಾಂಕ್ರೀಟ್ ದಿಮ್ಮಿಯಂಥ ಅಲುಗಾಡದ ತಳದ ಮೇಲೆ ಇಡಬೇಕು ಎಂಬ ನಿಯಮ ಇದಕ್ಕಾಗಿಯೇ. ಯಂತ್ರವನ್ನು ಮರದ ಮೇಜಿನ ಮೇಲೆ ಇಟ್ಟು ಕೆಲಸ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಗಟ್ಟಿ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿಯಬೇಕು, ಮಟ್ಟ ನೋಡಬೇಕು. ಮೌಲ್ಡ್‌ನ ಕ್ಲ್ಯಾಂಪ್ ಸಡಿಲವಾಗಿದ್ದರೂ ಇದೇ ಸೋರಿಕೆ.

ಯಂತ್ರವನ್ನು ಯಾರು ಪರೀಕ್ಷಿಸುತ್ತಾರೆ?

ಕೈಯ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಯಂತ್ರದ ತಪ್ಪು ಯಾವಾಗಲೂ ಒಂದೇ ಕಡೆಗೆ. ಎತ್ತರ 10 ಮಿ.ಮೀ. ಕಡಿಮೆ ಇದ್ದರೆ ವರ್ಷಪೂರ್ತಿ, ಎಲ್ಲ ಮಣ್ಣಿಗೂ ಕಡಿಮೆಯೇ. ಚುಕ್ಕಿಗಳು ಅಂದವಾಗಿ ಗೆರೆಯ ಮೇಲೆ ಕೂರುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ. ಈ ಕಾರಣಕ್ಕೆ ಯಂತ್ರ ಬಂದ ಮೇಲೆ ಜವಾಬ್ದಾರಿ ಹೆಚ್ಚಾಯಿತು ಎಂದೇ ನಾನು ಹೇಳುತ್ತೇನೆ.

ಎಎಸ್‌ಟಿಎಂ ಡಿ2168 ಎಂಬ ಮಾನದಂಡ ಇದಕ್ಕೇ ಮೀಸಲು. ಅದರ ನಿಲುವು ನನಗೆ ತುಂಬ ಹಿಡಿಸುತ್ತದೆ: ಸರಿಯಾಗಿ ಕೊಟ್ಟ ಕೈಹೊಡೆತವೇ ಮೂಲ, ಯಂತ್ರ ಅದಕ್ಕೆ ಹೊಂದಬೇಕು. ಒಂದು ದಾರಿ ಎಂದರೆ, ಒಂದೇ ಜೇಡಿ ಮಣ್ಣನ್ನು ಕೈಯಿಂದಲೂ ಯಂತ್ರದಿಂದಲೂ ಬಡಿದು ಎರಡರ ಗರಿಷ್ಠ ಸಾಂದ್ರತೆ ಹೋಲಿಸುವುದು. ಇನ್ನೊಂದು ದಾರಿಯಲ್ಲಿ ಮಣ್ಣೇ ಬೇಡ. ಸಣ್ಣ ಸೀಸದ ತುಂಡಿನ ಮೇಲೆ ಹೊಡೆತ ಕೊಟ್ಟು, ಅದು ಎಷ್ಟು ಚಪ್ಪಟೆಯಾಯಿತು ಎಂದು ಅಳೆಯುತ್ತಾರೆ. ಸೀಸ ಮೆತ್ತಗಿನ ಲೋಹ, ಹೊಡೆತದ ಗುರುತನ್ನು ಹಾಗೇ ಉಳಿಸಿಕೊಳ್ಳುತ್ತದೆ. ವ್ಯತ್ಯಾಸ ಶೇ 2ರ ಒಳಗಿದ್ದರೆ ಸರಿ. ಮೀರಿದರೆ ಯಂತ್ರದ ರ‍್ಯಾಮರ್‌ನ ತೂಕವನ್ನೇ ತಿದ್ದುತ್ತಾರೆ. ಹಾಗಾಗಿ ಚೆನ್ನಾಗಿ ಹೊಂದಿಸಿದ ಯಂತ್ರದ ರ‍್ಯಾಮರ್ ತೂಗಿದಾಗ ಪುಸ್ತಕದ ಸಂಖ್ಯೆಗಿಂತ ಸ್ವಲ್ಪ ಬೇರೆ ಬಂದರೆ ಗಾಬರಿಯಾಗಬೇಡಿ. ಉಜ್ಜಾಟದಲ್ಲಿ ಕಳೆದದ್ದನ್ನು ತುಂಬಿಕೊಡಲು ಸೇರಿಸಿದ ತೂಕ ಇರಬಹುದು. ದಾಖಲೆ ನೋಡಿ.

ಯಾವಾಗ ಮಾಡಿಸಬೇಕು? ಹೊಸ ಯಂತ್ರ ಬಳಸುವ ಮೊದಲು. ಸುಮಾರು 1000 ಮೌಲ್ಡ್ ಬಡಿದ ಮೇಲೆ. ಫಲಿತಾಂಶಕ್ಕೆ ತಾಗುವಂಥ ರಿಪೇರಿ ಆದಾಗ. ಸಂಖ್ಯೆಗಳ ಬಗ್ಗೆ ಅನುಮಾನ ಬಂದಾಗ. ಇದರ ನಡುವೆ ಲ್ಯಾಬ್‌ನವರೇ ನೋಡಿಕೊಳ್ಳಬಹುದಾದದ್ದು ಬೇಕಾದಷ್ಟಿದೆ. ರ‍್ಯಾಮರ್ ಪಾದ ಸವೆದು ಅಂಚು ದುಂಡಾಗಿದೆಯಾ, ಉಬ್ಬಿದೆಯಾ? ಎತ್ತರವನ್ನು ಅಳತೆಪಟ್ಟಿ ಹಿಡಿದು ನೋಡಿದರೆ ಎಷ್ಟು? ಮೇಜು ಪ್ರತಿ ಬಾರಿಯೂ ತಿರುಗುತ್ತಿದೆಯಾ, ಇಲ್ಲ ಒಮ್ಮೊಮ್ಮೆ ತಪ್ಪಿಸಿ ಒಂದೇ ಜಾಗಕ್ಕೆ ಎರಡು ಹೊಡೆತ ಬೀಳುತ್ತಿದೆಯಾ? ಮೌಲ್ಡ್‌ನ ಗಾತ್ರವನ್ನೂ ಮರೆಯಬಾರದು. ಒಳಗೋಡೆ ಸವೆದು 1000 ಘನ ಸೆಂ.ಮೀ. ಇದ್ದದ್ದು 1010 ಆಗಿದ್ದರೆ, ಹಳೆಯ ಸಂಖ್ಯೆಯಿಂದಲೇ ಭಾಗಿಸುವವರಿಗೆ ಸಾಂದ್ರತೆ ಶೇ 1ರಷ್ಟು ಹೆಚ್ಚು ಕಾಣುತ್ತದೆ. ನೀರು ತುಂಬಿ ತೂಗಿದರೆ ನಿಜ ಗಾತ್ರ ಗೊತ್ತಾಗುತ್ತದೆ.

ಯಂತ್ರ ಮಾಡದ ಕೆಲಸಗಳು

ಆಟೊಮ್ಯಾಟಿಕ್ ಎಂಬ ಹೆಸರು ಕೇಳಿ ಮೋಸ ಹೋಗಬೇಡಿ. ಆಟೊಮ್ಯಾಟಿಕ್ ಆಗಿರುವುದು ಹೊಡೆತ ಮಾತ್ರ. ಪರೀಕ್ಷೆಯ ಮುಕ್ಕಾಲು ಪಾಲು ಇನ್ನೂ ಕೈಯಲ್ಲೇ ಇದೆ.

ನೀರು ಬೆರೆಸುವುದನ್ನೇ ನೋಡಿ. ಜೇಡಿ ಮಣ್ಣಿನ ಹೆಂಟೆಯೊಳಗೆ ನೀರು ಇಳಿಯಲು ಗಂಟೆಗಟ್ಟಲೆ ಬೇಕು. ಕಲಸಿದ ಮೇಲೆ ಮುಚ್ಚಿಟ್ಟು ಕಾಯಬೇಕು. ಜೇಡಿ ಮಣ್ಣಿಗೆ ಎಎಸ್‌ಟಿಎಂ ಕನಿಷ್ಠ 16 ಗಂಟೆ ಎನ್ನುತ್ತದೆ. ಆತುರದಲ್ಲಿ ಆಗಲೇ ಬಡಿದರೆ, ಹೊರಗೆ ಹಸಿ, ಒಳಗೆ ಒಣ ಹೆಂಟೆಗಳಿಗೆ ಎಷ್ಟು ಅಚ್ಚುಕಟ್ಟಾದ ಹೊಡೆತ ಕೊಟ್ಟರೂ ಪ್ರಯೋಜನವಿಲ್ಲ. ಒಮ್ಮೆ ಬಡಿದ ಮಣ್ಣನ್ನು ಪುಡಿ ಮಾಡಿ ಮುಂದಿನ ಚುಕ್ಕಿಗೆ ಬಳಸುವ ಅಭ್ಯಾಸ ಕೆಲವು ಕಡೆ ಇದೆ. ಹೊಡೆತಕ್ಕೆ ಕಣಗಳೇ ಒಡೆಯುವಂಥ ಮಣ್ಣಾದರೆ ಅದು ಎರಡನೇ ಬಾರಿಗೆ ಬೇರೆ ಮಣ್ಣೇ ಆಗಿರುತ್ತದೆ. ಪ್ರತಿ ಚುಕ್ಕಿಗೂ ಹೊಸ ಮಣ್ಣು ತೆಗೆದುಕೊಳ್ಳುವುದು ಒಳ್ಳೆಯದು.

ಪದರಗಳ ದಪ್ಪವೂ ಕೈಯ ಅಂದಾಜೇ. ಮೂರು ಪದರ ಎಂದರೆ ಬಡಿದ ಮೇಲೆ ಮೂರೂ ಹೆಚ್ಚುಕಡಿಮೆ ಸಮ ಇರಬೇಕು. ಮುಂದಿನ ಪದರ ಹಾಕುವ ಮೊದಲು ಕೆಳಗಿನದರ ಮೈಯನ್ನು ಕೆರೆದು ಒರಟು ಮಾಡಬೇಕು, ಇಲ್ಲದಿದ್ದರೆ ಎರಡೂ ಬೆಸೆಯುವುದಿಲ್ಲ. ಕೊನೆಯ ಪದರ ಅಂಚಿಗಿಂತ ಸ್ವಲ್ಪ ಮೇಲೆ ನಿಲ್ಲಬೇಕು, ಆದರೆ 6 ಮಿ.ಮೀ. ಮೀರಬಾರದು. ಯಾಕೆಂದರೆ ಕಾಲರ್‌ನೊಳಗೆ ಉಳಿದು, ನಂತರ ಕತ್ತರಿಸಿ ಬಿಸಾಡುವ ಮಣ್ಣೂ ಹೊಡೆತದ ಪಾಲು ತಿಂದಿರುತ್ತದೆ. ಅಂಚಿಗಿಂತ ಕೆಳಗೆ ನಿಂತರೆ ಆ ಚುಕ್ಕಿಯನ್ನೇ ಬಿಟ್ಟು ಮತ್ತೆ ಮಾಡಬೇಕು.

ಹಸಿ ಕಡೆಯ ಚುಕ್ಕಿಗಳಲ್ಲಿ ಯಂತ್ರದ ಪಕ್ಕದಲ್ಲೇ ನಿಂತಿರಿ. ಮಣ್ಣು ರ‍್ಯಾಮರ್ ಪಾದಕ್ಕೆ ಅಂಟಿಕೊಂಡು ಮೇಲಕ್ಕೆ ಬರುತ್ತದೆ, ಗೋಡೆಗೆ ಮೆತ್ತಿಕೊಳ್ಳುತ್ತದೆ. ಕೈಯಿಂದ ಬಡಿಯುವವರು ನಿಲ್ಲಿಸಿ ಕೆರೆದು ಹಾಕುತ್ತಾರೆ, ಯಂತ್ರ ಹೊಡೆಯುತ್ತಲೇ ಹೋಗುತ್ತದೆ. ಪದರದ ನಡುವೆ ನಿಲ್ಲಿಸಿ ಸರಿಪಡಿಸಿ, ಉಳಿದ ಹೊಡೆತ ಮುಂದುವರಿಸುವ ಸೌಲಭ್ಯ ಕೌಂಟರ್‌ನಲ್ಲಿ ಇದ್ದರೆ ತುಂಬ ಅನುಕೂಲ.

ಕೈ ಒಳಗೆ ಹಾಕುವ ಮೊದಲು ಯಂತ್ರ ಪೂರ್ತಿ ನಿಂತಿರಬೇಕು. 5 ಕಿಲೊ ಉಕ್ಕು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೆರಳ ಮೇಲೆ ಬಿದ್ದರೆ ಮೂಳೆ ಉಳಿಯುವುದಿಲ್ಲ. ಬಾಗಿಲು ತೆರೆದರೆ ತಾನೇ ನಿಲ್ಲುವ ಜಾಲರಿ, ಕೈಗೆ ಸಿಗುವ ಕಡೆ ಕೆಂಪು ಗುಂಡಿ ಇಲ್ಲದ ಯಂತ್ರವನ್ನು ಕಾಲೇಜಿನ ಲ್ಯಾಬ್‌ಗೆ ತರಲೇಬಾರದು. ರ‍್ಯಾಮರ್ ಮೇಲೆ ಎತ್ತಿದ ಸ್ಥಿತಿಯಲ್ಲಿ ಮೌಲ್ಡ್ ಬದಲಿಸುವಾಗ ಅದನ್ನು ಹಿಡಿದಿಡುವ ಕೀಲಿಯೂ ಬೇಕು. ಕಿವಿಗೂ ರಕ್ಷಣೆ ಹಾಕಿಕೊಳ್ಳಿ, ಉಕ್ಕಿನ ಶಬ್ದ ದಿನವಿಡೀ ಕೇಳುವುದು ಒಳ್ಳೆಯದಲ್ಲ.

ಎಲ್ಲ ಮಣ್ಣಿಗೂ ಈ ಯಂತ್ರ ಸರಿ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಶುದ್ಧ ಮರಳು, ಜಲ್ಲಿಮಿಶ್ರ ಮರಳಿನಂಥವು ನೀರನ್ನು ಹಿಡಿದಿಡುವುದಿಲ್ಲ. ರ‍್ಯಾಮರ್ ಹೊಡೆದರೆ ಕಣಗಳು ಪಕ್ಕಕ್ಕೆ ಓಡುತ್ತವೆ, ಗುಡ್ಡದ ತುದಿ ಸ್ಪಷ್ಟವಾಗಿ ಸಿಗುವುದಿಲ್ಲ. ಅಂಥವು ಹೊಡೆತಕ್ಕಿಂತ ನಡುಕಕ್ಕೆ ಚೆನ್ನಾಗಿ ಕೂರುತ್ತವೆ. ಅವಕ್ಕೆ ಕಂಪಿಸುವ ಮೇಜು ಅಥವಾ ಕಂಪಿಸುವ ಸುತ್ತಿಗೆ ಬಳಸುತ್ತಾರೆ.

ಫಲಿತಾಂಶ ಸರಿಯಿದೆಯಾ ಎಂದು ನೋಡಲು ಒಂದು ಸುಲಭ ಜರಡಿ ಇದೆ. ಗ್ರಾಫ್‌ನಲ್ಲಿ ಗಾಳಿಯೇ ಇಲ್ಲದ ಸ್ಥಿತಿಯ ಗೆರೆಯನ್ನೂ ಎಳೆಯಿರಿ. ಕಣಗಳ ಸಾಪೇಕ್ಷ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಸಂಖ್ಯೆ) 2.70 ಇರುವ ಮಣ್ಣಿಗೆ ಶೇ 16 ತೇವಾಂಶದಲ್ಲಿ ಆ ಗೆರೆ 1.885ರಲ್ಲಿದೆ. ನಿಮ್ಮ ಚುಕ್ಕಿ ಅದರ ಕೆಳಗೇ ಇರಬೇಕು. ಮೇಲೆ ಹೋಗಿದ್ದರೆ ಎಲ್ಲೋ ತೂಕ, ತೇವಾಂಶ, ಮೌಲ್ಡ್ ಗಾತ್ರ ಅಥವಾ ಸಾಪೇಕ್ಷ ಸಾಂದ್ರತೆಯ ಸಂಖ್ಯೆ ತಪ್ಪಿದೆ. ಹಸಿ ಕಡೆಯ ಚುಕ್ಕಿಗಳು ಈ ಗೆರೆಗೆ ಸಮಾನಾಂತರವಾಗಿ ಇಳಿಯದೆ ದೂರ ದೂರ ಸರಿದರೆ ಹೊಡೆತದ ಮೇಲೂ ಅನುಮಾನ ಪಡಬಹುದು.

ಕೊನೆಯದಾಗಿ ವರದಿ. ಎಂಡಿಡಿ, ಓಎಂಸಿ ಎರಡೇ ಸಂಖ್ಯೆ ಬರೆದು ಸಹಿ ಹಾಕುವುದು ರೂಢಿ. ಅದರ ಜೊತೆಗೆ ಹಗುರ ಪರೀಕ್ಷೆಯೋ ಭಾರಿಯೋ, ಮೌಲ್ಡ್ ಯಾವ ಗಾತ್ರದ್ದು, ಹೊಡೆದದ್ದು ಕೈಯೋ ಯಂತ್ರವೋ, ಪಾದ ದುಂಡೋ ತುಂಡಿನಾಕಾರದ್ದೋ, ಯಂತ್ರವನ್ನು ಕೊನೆಯ ಬಾರಿ ಹೊಂದಿಸಿದ್ದು ಯಾವಾಗ ಎಂಬುದನ್ನೂ ಬರೆಯಿರಿ. ಆರು ತಿಂಗಳ ನಂತರ ಸ್ಥಳದ ಸಾಂದ್ರತೆ ಹೊಂದುತ್ತಿಲ್ಲ ಎಂದು ಯಾರಾದರೂ ಕಡತ ತೆರೆದಾಗ, ತಪ್ಪು ರೋಲರ್‌ನದ್ದೋ ಲ್ಯಾಬ್‌ನದ್ದೋ ಎಂದು ಹುಡುಕಲು ಅವರಿಗೆ ಬೇಕಾಗುವುದು ಈ ಸಾಲುಗಳೇ.